ಆಟಕ್ಕುಂಟು, ಲೆಕ್ಕಕ್ಕಿಲ್ಲ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ. ಪಿಯು ಕಾಲೇಜೊಂದರ ಕೌಂಟರಿನ ಮುಂದೆ ಅಪ್ಪ, ಅಮ್ಮ, ಮಗಳು ನಿಂತಿದ್ದಾರೆ. ಅರ್ಜಿಯಲ್ಲಿ ಹೆಸರು, ಊರು, ಜಾತಿ, ಆದಾಯ ಎಲ್ಲ ತುಂಬಿ ಆಗಿದೆ. ಉಳಿದಿರುವುದು ಒಂದೇ ಖಾನೆ: ಕಾಂಬಿನೇಷನ್.

“ಪಿಸಿಎಂಬಿನೋ, ಪಿಸಿಎಂಸಿನೋ?” ಗುಮಾಸ್ತರು ತಲೆಯೆತ್ತದೆ ಕೇಳುತ್ತಾರೆ.

“ಮುಂದೆ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಓದಿಸ್ಬೇಕು ಅಂತಿದೆ ಸಾರ್. ಯಾವುದು ತಗೊಂಡ್ರೆ ಒಳ್ಳೇದು?”

“ಅದಕ್ಕಾದ್ರೆ ಯಾವುದು ತಗೊಂಡ್ರೂ ನಡೆಯುತ್ತೆ.”

ಅಪ್ಪ ಅಮ್ಮನ ಮುಖ ನೋಡುತ್ತಾರೆ. “ಹಂಗಾದ್ರೆ ಬಯಾಲಜಿನೇ ಇರಲಿ ಬಿಡಿ, ಡಾಕ್ಟರ್ ಕಡೆ ಬಾಗಿಲೂ ತೆರೆದಿರುತ್ತೆ” ಅನ್ನುತ್ತಾರೆ ಅಮ್ಮ. ಖಾನೆ ತುಂಬಿತು. ಕಂಪ್ಯೂಟರ್ ಓದಲು ಹೊರಟ ಹುಡುಗಿ ಕಪ್ಪೆಯ ಜೀರ್ಣಾಂಗ ಓದಲು ಹೋದಳು. ಗುಮಾಸ್ತರು ಸುಳ್ಳು ಹೇಳಿರಲಿಲ್ಲ, ಅಮ್ಮನ ಲೆಕ್ಕವೂ ತಪ್ಪಿರಲಿಲ್ಲ. ಈ ಊರಿನ ನಿಯಮವೇ ಹಾಗಿದೆ.

ನಾಲ್ಕನೆಯ ಅಕ್ಷರ

ನಮ್ಮ ಪಿಯು ವಿಜ್ಞಾನ ವಿಭಾಗದಲ್ಲಿ ಮೊದಲ ಮೂರು ಅಕ್ಷರಗಳು ಸಾಮಾನ್ಯವಾಗಿ ಒಂದೇ: ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ನಾಲ್ಕನೆಯದರಲ್ಲಿ ಮಾತ್ರ ಆಯ್ಕೆ. ಬಯಾಲಜಿ ಆದರೆ ‘ಬಿ’, ಎಲೆಕ್ಟ್ರಾನಿಕ್ಸ್ ಆದರೆ ‘ಇ’, ಕಂಪ್ಯೂಟರ್ ಸೈನ್ಸ್ ಆದರೆ ‘ಸಿ’. ವಾಣಿಜ್ಯದವರಿಗೂ ಅದು ದಕ್ಕುತ್ತದೆ. ಅಲ್ಲಿ ‘ಸೀಬಾ’ ಎಂದು ಕರೆಸಿಕೊಳ್ಳುವ ಕಾಂಬಿನೇಷನ್ನಿನಲ್ಲಿ ಕಂಪ್ಯೂಟರ್, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಒಟ್ಟಿಗಿರುತ್ತವೆ.

ಎಂಜಿನಿಯರಿಂಗ್ ರ‍್ಯಾಂಕಿಗೆ ಲೆಕ್ಕ ಹಿಡಿಯುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರನ್ನು ಮಾತ್ರ. ಸಿಇಟಿಯಲ್ಲಿ ಒಂದೊಂದಕ್ಕೆ 60ರಂತೆ 180 ಅಂಕ. ಅದರ ಅರ್ಧ, ಪಿಯು ಪರೀಕ್ಷೆಯಲ್ಲಿ ಅದೇ ಮೂರು ವಿಷಯಗಳಿಗೆ ಬಂದ ಅಂಕದ ಅರ್ಧ, ಎರಡೂ ಕೂಡಿ ರ‍್ಯಾಂಕು. ಕಂಪ್ಯೂಟರ್ ಸೈನ್ಸಿನಲ್ಲಿ ನೂರಕ್ಕೆ ನೂರು ತೆಗೆದವಳಿಗೂ ಅದನ್ನು ಓದದೇ ಇದ್ದವಳಿಗೂ ಆ ಪಟ್ಟಿಯಲ್ಲಿ ವ್ಯತ್ಯಾಸವಿಲ್ಲ. ಕನಿಷ್ಠ ಅರ್ಹತೆಯ ಹೊತ್ತಿಗೆ ಮಾತ್ರ ಅದಕ್ಕೊಂದು ಜಾಗ: ಭೌತಶಾಸ್ತ್ರ, ಗಣಿತದ ಜೊತೆಗಿನ ಮೂರನೆಯ ವಿಷಯವಾಗಿ ರಸಾಯನಶಾಸ್ತ್ರದ ಬದಲು ಅದನ್ನು ತೋರಿಸಬಹುದು. ಎಂಜಿನಿಯರಿಂಗ್ ಸೇರಿದ ಮೇಲಾದರೂ ಉಪಯೋಗಕ್ಕೆ ಬಂದೀತೆಂದರೆ, ಮೊದಲ ವರ್ಷದಲ್ಲಿ ಪ್ರೋಗ್ರಾಮಿಂಗನ್ನು ಎಲ್ಲರಿಗೂ ಅಆಇಈಯಿಂದಲೇ ಶುರುಮಾಡುತ್ತಾರೆ. ಎರಡು ವರ್ಷ ಓದಿ ಬಂದವಳೂ ಓದದೆ ಬಂದವಳೂ ಒಂದೇ ಬೆಂಚಿನಲ್ಲಿ ಕೂತು ಅದೇ ಪಾಠ ಕೇಳುತ್ತಾರೆ.

ಶಾಲೆಯ ಮಟ್ಟದಲ್ಲೂ ಇದೇ ಕತೆ. ಸಿಬಿಎಸ್ಇಯ 9, 10ನೇ ತರಗತಿಯಲ್ಲಿ ಮಾಹಿತಿ ತಂತ್ರಜ್ಞಾನ, 2019-20ರಿಂದ ಕೃತಕ ಬುದ್ಧಿಮತ್ತೆ, ಇವೆಲ್ಲ ‘ಕೌಶಲ ವಿಷಯ’ಗಳು. ಸಾಮಾನ್ಯವಾಗಿ ಆರನೆಯ ವಿಷಯವಾಗಿ ಬರುತ್ತವೆ. ವಿಜ್ಞಾನ, ಗಣಿತ, ಸಮಾಜ ಇವುಗಳಲ್ಲಿ ಒಂದರಲ್ಲಿ ಫೇಲಾದರೆ ಆ ಜಾಗಕ್ಕೆ ಈ ಆರನೆಯದನ್ನು ಇಳಿಸಬಹುದು. ಅಂದರೆ ಬದಲಿ ಆಟಗಾರ. ನಮ್ಮ ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್ ಯೋಜನೆಯಡಿ ಐಟಿ, ರಿಟೇಲ್, ಆಟೊಮೊಬೈಲ್, ಆರೋಗ್ಯ ಸೇವೆಯಂಥ ವಿಷಯಗಳಿವೆ. ಅಲ್ಲಿ ಐಟಿ ತೆಗೆದುಕೊಂಡ ಮಗು ತೃತೀಯ ಭಾಷೆಯ ಜಾಗದಲ್ಲಿ ಅದನ್ನು ಬರೆಯುತ್ತದೆ. ಇನ್ನು, ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯ ಮೂಲೆಯಲ್ಲಿ ‘ಪ್ರೋಗ್ರಾಮಿಂಗ್ ಇನ್ ಆನ್ಸಿ ಸಿ’, ‘ಎಲಿಮೆಂಟ್ಸ್ ಆಫ್ ಕಂಪ್ಯೂಟರ್ ಸೈನ್ಸ್’ ಎಂಬ ಎರಡು ಹೆಸರುಗಳು ವರ್ಷವರ್ಷವೂ ಅಚ್ಚಾಗುತ್ತಿದ್ದವು. ಆ ಪರೀಕ್ಷೆ ಬರೆಯುವವರು ಯಾರೆಂದು ಹೆಚ್ಚಿನ ಅಪ್ಪ ಅಮ್ಮಂದಿರು ಕೇಳಿದ್ದೂ ಇಲ್ಲ.

ಕುಂಟೆಬಿಲ್ಲೆ ಆಡುವಾಗ ಮನೆಯ ಪುಟ್ಟ ತಮ್ಮನೂ ಬರುತ್ತೇನೆಂದು ಹಟ ಹಿಡಿದರೆ ದೊಡ್ಡ ಮಕ್ಕಳು ಒಂದು ಉಪಾಯ ಮಾಡುತ್ತಾರೆ. ಅವನನ್ನು ಸೇರಿಸಿಕೊಳ್ಳುತ್ತಾರೆ, ಅವನ ಸೋಲು ಗೆಲುವನ್ನು ಎಣಿಸುವುದಿಲ್ಲ. ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಕಂಪ್ಯೂಟರ್ ವಿಷಯಕ್ಕೆ ನಮ್ಮ ತರಗತಿಗಳಲ್ಲಿ ಸಿಕ್ಕಿರುವುದು ಈ ಪುಟ್ಟ ತಮ್ಮನ ಸ್ಥಾನ.

ಚಪ್ಪಲಿ ಹೊರಗೆ ಬಿಟ್ಟು ಬನ್ನಿ

ಇದು ಹೊಸ ಮಗುವೇನೂ ಅಲ್ಲ. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆ ತಂದು ದೇಶದ ಸುಮಾರು 250 ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. ಬಂದದ್ದು ಬ್ರಿಟನ್ನಿನ ‘ಬಿಬಿಸಿ ಮೈಕ್ರೊ’. ಬಿಬಿಸಿ ತನ್ನ ಪ್ರೇಕ್ಷಕರಿಗೆ ಕಂಪ್ಯೂಟರ್ ಕಲಿಸಲು ಹೊರಟಾಗ ಏಕಾರ್ನ್ ಎಂಬ ಕಂಪನಿ 1981ರಲ್ಲಿ ಮಾಡಿಕೊಟ್ಟ ಯಂತ್ರ ಅದು. ಅದರ ‘ಬಿ’ ಮಾದರಿಯ ನೆನಪಿನ ಶಕ್ತಿ 32 ಕಿಲೊಬೈಟ್. ಇಂದಿನ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ನೀವೀಗ ಓದುತ್ತಿರುವ ಈ ಲೇಖನವೂ ಆ ಯಂತ್ರದಲ್ಲಿ ಪೂರ್ತಿ ಹಿಡಿಸುತ್ತಿರಲಿಲ್ಲ.

ಆ ಕಾಲದ ಕಂಪ್ಯೂಟರ್ ಕೋಣೆ ದೇವರ ಮನೆಯಂತಿತ್ತು. ಚಪ್ಪಲಿ ಹೊರಗೆ. ಶಾಲೆಗೆಲ್ಲ ಎಸಿ ಇರುತ್ತಿದ್ದ ಒಂದೇ ಕೋಣೆ. ಕೀಬೋರ್ಡಿಗೆ ಬಟ್ಟೆಯ ಮುಸುಕು. ಒಂದು ಯಂತ್ರಕ್ಕೆ ನಾಲ್ಕೈದು ಮಕ್ಕಳು, ಮುಟ್ಟುವವನೊಬ್ಬ, ನೋಡುವವರು ಉಳಿದವರು. ಆದರೂ ಒಂದು ಮಾತು ನೆನಪಿಡಬೇಕು. ಬಿಬಿಸಿ ಮೈಕ್ರೊ ಹಚ್ಚಿದ ಕೂಡಲೇ ಎದುರಿಗೆ ಬರುತ್ತಿದ್ದುದು ಖಾಲಿ ಪರದೆ, ಮಿಣುಕುವ ಗೆರೆ. ಬೇಸಿಕ್ ಭಾಷೆಯಲ್ಲಿ ಏನಾದರೂ ಬರೆದರೆ ಮಾತ್ರ ಅದು ಏನಾದರೂ ಮಾಡುತ್ತಿತ್ತು. ಬರೆಯದವನಿಗೆ ಅದರಿಂದ ಪ್ರಯೋಜನವಿರಲಿಲ್ಲ.

ಮುಂದೆ ವಿಂಡೋಸ್ ಬಂತು, ಮೌಸ್ ಬಂತು, ಬರೆಯುವ ಅಗತ್ಯ ಹೋಯಿತು. ಕಂಪ್ಯೂಟರ್ ಶಿಕ್ಷಣವೆಂದರೆ ವರ್ಡಿನಲ್ಲಿ ರಜಾ ಅರ್ಜಿ, ಎಕ್ಸೆಲ್‌ನಲ್ಲಿ ಅಂಕಪಟ್ಟಿ, ಪವರ್‌ಪಾಯಿಂಟಿನಲ್ಲಿ ಹಾರಿ ಬರುವ ಅಕ್ಷರ ಎಂದಾಯಿತು. 2000ದ ದಶಕದ ಆರಂಭದಲ್ಲಿ ನಮ್ಮ ಸರ್ಕಾರ ‘ಮಾಹಿತಿ ಸಿಂಧು’ ಹೆಸರಿನಲ್ಲಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಲುಪಿಸಿದಾಗ ಯಂತ್ರದ ಜೊತೆ ಕಲಿಸುವವರೂ ಗುತ್ತಿಗೆಯ ಮೇಲೆ ಹೊರಗಿನಿಂದ ಬಂದರು. ಶಾಲೆಯ ಗಣಿತದ ಮೇಷ್ಟ್ರಿಗೂ ಕನ್ನಡದ ಟೀಚರಿಗೂ ಆ ಕೋಣೆಯ ಹಂಗಿರಲಿಲ್ಲ. ಗುತ್ತಿಗೆ ಮುಗಿಯಿತು, ಬಂದವರು ಹೋದರು, ಕೋಣೆಗೆ ಬೀಗ ಬಿತ್ತು.

ಈ ಜಾರಿಕೆ ನಮ್ಮೊಬ್ಬರದಲ್ಲ. ಬಿಬಿಸಿ ಮೈಕ್ರೊ ಹುಟ್ಟಿದ ಇಂಗ್ಲೆಂಡಿನಲ್ಲೂ ಇದೇ ಆಯಿತು. ಅಲ್ಲಿನ ರಾಯಲ್ ಸೊಸೈಟಿ 2012ರಲ್ಲಿ ಶಾಲೆಗಳ ಕಂಪ್ಯೂಟರ್ ಪಾಠದ ಬಗ್ಗೆ ಕಟುವಾದ ವರದಿ ಕೊಟ್ಟಿತು. 2014ರಲ್ಲಿ ಹಳೆಯ ‘ಐಸಿಟಿ’ ವಿಷಯವನ್ನು ತೆಗೆದು ‘ಕಂಪ್ಯೂಟಿಂಗ್’ ತಂದರು. ಕೇಂಬ್ರಿಜ್‌ನಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ಅರ್ಜಿ ಹಾಕುವ ಮಕ್ಕಳಿಗೆ ಪ್ರೋಗ್ರಾಮಿಂಗ್ ಕೈಚಳಕ ವರ್ಷದಿಂದ ವರ್ಷಕ್ಕೆ ಕಮ್ಮಿಯಾಗುತ್ತಿದೆಯೆಂದು ಕಂಡ ಎಬೆನ್ ಅಪ್ಟನ್ ಮತ್ತು ಗೆಳೆಯರು 2012ರಲ್ಲಿ ಅಂಗೈಯಗಲದ ಅಗ್ಗದ ಕಂಪ್ಯೂಟರ್ ‘ರಾಸ್ಪ್‌ಬೆರಿ ಪೈ’ ಹೊರತಂದರು. ಅದರ ಮಾದರಿಗಳಿಗೆ ‘ಎ’, ‘ಬಿ’ ಎಂದು ಹೆಸರಿಟ್ಟದ್ದು ಬಿಬಿಸಿ ಮೈಕ್ರೊ ನೆನಪಿಗೆ.

ನೀಲಿ ಪರದೆಯ ಕಾಲ

ಪಿಯು ತರಗತಿ ಮಾತ್ರ ಪ್ರೋಗ್ರಾಮಿಂಗ್ ಬಿಟ್ಟುಕೊಡಲಿಲ್ಲ. ಅಲ್ಲಿ ಬೇರೊಂದು ಕಾಯಿಲೆ ಹಿಡಿಯಿತು.

ಪಿಸಿಎಂಸಿ ಓದಿದ ಯಾರನ್ನಾದರೂ ಕೇಳಿ, ಕಣ್ಣು ಮುಚ್ಚಿ ಹೇಳುತ್ತಾರೆ: ನೀಲಿ ಪರದೆ, ಹಳದಿ ಅಕ್ಷರ. ಮೊದಲ ಸಾಲು ‘ಐಒಸ್ಟ್ರೀಮ್ ಡಾಟ್ ಎಚ್’, ಎರಡನೆಯದು ‘ಕೊನಿಯೊ ಡಾಟ್ ಎಚ್’. ಪರದೆ ಒರೆಸಲು ‘ಕ್ಲಿಯರ್ ಸ್ಕ್ರೀನ್’, ಕೊನೆಗೆ ‘ಗೆಟ್ ಸಿಎಚ್’. ಕಂಟ್ರೋಲ್ ಎಫ್9 ಒತ್ತಿದರೆ ಪ್ರೋಗ್ರಾಂ ಓಡುತ್ತದೆ, ಆಲ್ಟ್ ಎಫ್5 ಒತ್ತಿದರೆ ಉತ್ತರ ಕಾಣುತ್ತದೆ. ಇದು ಬೋರ್ಲೆಂಡ್ ಕಂಪನಿ 1990ರಲ್ಲಿ ಬಿಡುಗಡೆ ಮಾಡಿದ ಟರ್ಬೊ ಸಿ++. ಸಿ++ ಭಾಷೆಗೆ ಅಂತರರಾಷ್ಟ್ರೀಯ ಪ್ರಮಾಣ ಸಿದ್ಧವಾದದ್ದು 1998ರಲ್ಲಿ, ಟರ್ಬೊ ಬಂದು ಎಂಟು ವರ್ಷದ ಮೇಲೆ. ಆ ಪ್ರಮಾಣದ ಪ್ರಕಾರ ನಮ್ಮ ಮಕ್ಕಳು ಬರೆಯುತ್ತಿದ್ದ ಮೊದಲ ಸಾಲೇ ತಪ್ಪು. ಆದರೂ ಲ್ಯಾಬಿನ ಸಿ++ 1990ರಲ್ಲೇ ನಿಂತಿತ್ತು. ಹೊಸ 64 ಬಿಟ್ ಕಂಪ್ಯೂಟರುಗಳಲ್ಲಿ ಟರ್ಬೊ ಓಡದಾದಾಗ, ಅವುಗಳೊಳಗೆ ಹಳೆಯ ಡಾಸ್ ಯಂತ್ರದ ವೇಷ ಹಾಕಿಸುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಹುಡುಕಿ ಅದರಲ್ಲಿ ಓಡಿಸಿದೆವು.

ಕಾರಣ ಸೋಮಾರಿತನವಷ್ಟೇ ಅಲ್ಲ. ಪ್ರಾಯೋಗಿಕ ಪರೀಕ್ಷೆಗೆ 30 ಅಂಕ. ಬರುವ ಪ್ರೋಗ್ರಾಮುಗಳ ಪಟ್ಟಿ ಮೊದಲೇ ಗೊತ್ತು. ರೆಕಾರ್ಡ್ ಪುಸ್ತಕದಲ್ಲಿ ಎಡಪುಟಕ್ಕೆ ಉತ್ತರ, ಬಲಪುಟಕ್ಕೆ ಪ್ರೋಗ್ರಾಂ, ಅಂಚಿಗೆ ಪೆನ್ಸಿಲ್ ಗೆರೆ. ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಬರೆದರಾಯಿತು. ಪಟ್ಟಿ ಬದಲಾದರೆ ರೆಕಾರ್ಡ್ ಬದಲಾಗಬೇಕು, ಗೈಡು ಬದಲಾಗಬೇಕು, ಮೇಷ್ಟ್ರು ಮತ್ತೆ ಕಲಿಯಬೇಕು. ಲೆಕ್ಕಕ್ಕಿಲ್ಲದ ವಿಷಯಕ್ಕೆ ಯಾರು ಅಷ್ಟು ತಲೆಕೆಡಿಸಿಕೊಳ್ಳುತ್ತಾರೆ?

ಹಾಗೆಂದು ಪಠ್ಯ ಬಡವಾಗಿರಲಿಲ್ಲ. ಅದರಲ್ಲಿ ಜಾರ್ಜ್ ಬೂಲನ ಬೀಜಗಣಿತವಿತ್ತು. ಮೆಟ್ಟಿಲ ದೀಪಕ್ಕೆ ಕೆಳಗೊಂದು ಮೇಲೊಂದು ಸ್ವಿಚ್ ಇರುತ್ತದಲ್ಲ, ಯಾವುದನ್ನು ಒತ್ತಿದರೂ ದೀಪದ ಸ್ಥಿತಿ ತಿರುಗುಮುರುಗಾಗುತ್ತದೆ. ಅದೇ ‘ಎಕ್ಸ್-ಆರ್’ ದ್ವಾರ. ಎರಡರಲ್ಲಿ ಒಂದು ಮಾತ್ರ ಒತ್ತಿದ್ದರೆ ಬೆಳಕು, ಎರಡೂ ಒತ್ತಿದ್ದರೆ ಕತ್ತಲೆ. ಇಷ್ಟನ್ನು ಮನೆಯ ಮೆಟ್ಟಿಲ ಬಳಿ ನಿಂತು ತೋರಿಸಿದರೆ ಹತ್ತು ನಿಮಿಷದ ಕೆಲಸ. ಹೆಚ್ಚಿನ ಕಡೆ ಅದು ಬೋರ್ಡಿನ ಮೇಲಿನ ನಾಲ್ಕು ಸಾಲಿನ ಕೋಷ್ಟಕವಾಗಿಯೇ ಉಳಿಯಿತು. ಮೋರಿಸ್ ಕಾರ್ನೊ 1953ರಲ್ಲಿ ಕೊಟ್ಟ ‘ಕೆ-ಮ್ಯಾಪ್’ ಚೌಕಮನೆಗಳಲ್ಲಿ ಒಂದುಗಳನ್ನು ಗುಂಪು ಮಾಡುವುದು ಕಂಪ್ಯೂಟರ್ ಪಾಠದಲ್ಲೇ ಕಾಗದದ ಮೇಲೆ ಆಡಬಹುದಾದ ಸೊಗಸಾದ ಆಟ. ಅದನ್ನೂ ಐದು ಅಂಕದ ಖಾತ್ರಿ ಪ್ರಶ್ನೆಯೆಂದೇ ನೆನಪಿಟ್ಟುಕೊಂಡವರು ಹೆಚ್ಚು.

ಈಗ ಗಾಳಿ ಬದಲಾಗಿದೆ. ಮೊದಲು ಸಿಬಿಎಸ್ಇ, ಈಚೆಗೆ ನಮ್ಮ ಪಿಯು ಸಹ ಸಿ++ ಬಿಟ್ಟು ಪೈಥಾನ್ ಕಡೆ ಹೊರಳಿದೆ. 1991ರಲ್ಲಿ ಗೀಡೊ ವಾನ್ ರೋಸಮ್ ಹೊರತಂದ ಈ ಭಾಷೆಯಲ್ಲಿ ಸಲಾಮು ಹೊಡೆಯಲೇಬೇಕಾದ ಆರಂಭದ ಸಾಲುಗಳಿಲ್ಲ. ಒಂದೇ ಸಾಲಿನಲ್ಲಿ ಕೆಲಸ ಶುರು. ಆದರೆ ಭಾಷೆ ಬದಲಾದ ಮಾತ್ರಕ್ಕೆ ಪಾಠ ಬದಲಾಗುತ್ತದೆಯೆ? ಪಟ್ಟಿ, ರೆಕಾರ್ಡು, ಪೆನ್ಸಿಲ್ ಗೆರೆ ಹಾಗೇ ಇದ್ದರೆ ಟರ್ಬೊ ಹೋದ ಜಾಗಕ್ಕೆ ಇನ್ನೊಂದು ಟರ್ಬೊ ಬರುತ್ತದೆ ಅಷ್ಟೆ. ಬದಲಾಗಬೇಕಾದ್ದು ಎಲ್ಲಿ ಎಂದು ತೋರಿಸಲು ಒಂದು ಸಣ್ಣ ಪ್ರಯೋಗ ಸಾಕು.

ವಿಕಟಕವಿ ಫೇಲಾದ ಕತೆ

ಪ್ರೋಗ್ರಾಮಿಂಗ್ ಕಲಿಯುವ ಎಲ್ಲರೂ ಬರೆಯುವ ಒಂದು ಅಭ್ಯಾಸವಿದೆ: ಕೊಟ್ಟ ಪದ ಹಿಂದಿನಿಂದ ಓದಿದರೂ ಅದೇ ಆಗುತ್ತದೆಯೇ ನೋಡುವುದು. ಪೈಥಾನಿನಲ್ಲಿ ಎರಡು ಸಾಲು. ಪದವನ್ನು ತಿರುಗಿಸು, ಮೊದಲಿನದಕ್ಕೆ ಹೋಲಿಸು. ಪುಸ್ತಕದಲ್ಲಿರುವ ಇಂಗ್ಲಿಷ್ ಪದ ಕೊಟ್ಟರೆ ‘ಹೌದು’ ಎಂದು ಬರುತ್ತದೆ. ರೆಕಾರ್ಡಿನಲ್ಲಿ ಬರೆದು ಮುಂದಿನ ಪುಟಕ್ಕೆ ಹೋಗಬಹುದು.

ಹೋಗಬೇಡಿ. ಕನ್ನಡ ಪದ ಕೊಟ್ಟು ನೋಡಿ. ‘ಗದಗ’ ಕೊಟ್ಟರೆ ಹೌದು ಅನ್ನುತ್ತದೆ. ‘ಕನಕ’, ‘ಜಲಜ’, ‘ನಯನ’ ಎಲ್ಲಕ್ಕೂ ಹೌದು. ಈಗ ತೆನಾಲಿ ರಾಮಕೃಷ್ಣನ ಬಿರುದು ಕೊಡಿ, ಹಿಂದುಮುಂದಾಗಿ ಓದಿದರೂ ಒಂದೇ ಎಂದು ಮೂರನೇ ಕ್ಲಾಸಿನ ಮಗುವೂ ಬಲ್ಲ ಪದ: ‘ವಿಕಟಕವಿ’. ಕಂಪ್ಯೂಟರ್ ಹೇಳುತ್ತದೆ: ಅಲ್ಲ.

ಗದಗ ಪಾಸು, ವಿಕಟಕವಿ ಫೇಲು! ಕ್ಲಾಸಿನಲ್ಲಿ ಗದ್ದಲವೇಳುವ ಗಳಿಗೆ ಇದು. ಪ್ರೋಗ್ರಾಂ ತಪ್ಪೇ? ಅಲ್ಲ, ಗದಗಕ್ಕೆ ಸರಿಯಾಗಿ ಹೇಳಿತಲ್ಲ. ಹಾಗಾದರೆ ಎಲ್ಲರೂ ಚಿಕ್ಕಂದಿನಿಂದ ನಂಬಿದ್ದು ತಪ್ಪೇ?

ತಿರುಗಿಸಿದ ಪದವನ್ನು ಪರದೆಯ ಮೇಲೆ ಬರೆಸಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಮೊದಲಿಗೆ ಒಂಟಿ ಗುಡಿಸು, ಅದಕ್ಕೆ ಆಸರೆಯ ಅಕ್ಷರವೇ ಇಲ್ಲ. ಆಮೇಲೆ ‘ವಕಟಕಿವ’. ನಮ್ಮ ಕಣ್ಣಿಗೆ ‘ವಿ’ ಒಂದು ಅಕ್ಷರ. ಕಂಪ್ಯೂಟರಿಗೆ ಅದು ಎರಡು ಸಂಕೇತ: ‘ವ’, ಅದರ ಬೆನ್ನಿಗೆ ಗುಡಿಸು. ಐದು ಅಕ್ಷರದ ವಿಕಟಕವಿ ಅದರ ಲೆಕ್ಕದಲ್ಲಿ ಏಳು. ತಿರುಗಿಸುವಾಗ ಗುಡಿಸು ತನ್ನ ವ್ಯಂಜನದಿಂದ ಕಳಚಿ ಪಕ್ಕದವರ ತಲೆಯೇರಿತು. ಗದಗ, ಕನಕಗಳಲ್ಲಿ ಕಾಗುಣಿತದ ಚಿಹ್ನೆಯೇ ಇಲ್ಲದ್ದರಿಂದ ಅವು ಪಾರಾದವು.

ಇಲ್ಲಿಂದ ಪಾಠ ತಾನೇ ಹೆಜ್ಜೆ ಹಾಕುತ್ತದೆ. ‘ಕನ್ನಡ’ ಎಂಬ ಪದದ ಉದ್ದ ಕೇಳಿದರೆ ಪೈಥಾನ್ 5 ಅನ್ನುತ್ತದೆ: ಕ, ನ, ವಿರಾಮ ಚಿಹ್ನೆ, ಇನ್ನೊಂದು ನ, ಡ. ‘ಸ್ತ್ರೀ’ ಎಂಬ ಒಂದೇ ಅಕ್ಷರದ ಪದಕ್ಕೆ 6 ಅನ್ನುತ್ತದೆ. ಯಾಕೆ ಹೀಗೆ ಎಂದು ಹುಡುಕಿದರೆ ಯೂನಿಕೋಡ್ ಸಿಗುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಅಂಕಿ ಕೊಡುವ ಆ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಮೀಸಲಾದದ್ದು 128 ಮನೆ. ಕಾಗುಣಿತ, ಒತ್ತಕ್ಷರ ಎಲ್ಲ ಕೂಡಿದರೆ ಕನ್ನಡದಲ್ಲಿ ಸಾವಿರಾರು ಅಕ್ಷರರೂಪಗಳಿವೆ. ಅವನ್ನೆಲ್ಲ ಒಂದೊಂದು ಮನೆಯಲ್ಲಿ ಕೂರಿಸುವ ಬದಲು ವ್ಯಂಜನ, ಸ್ವರಚಿಹ್ನೆ, ವಿರಾಮ ಇಷ್ಟನ್ನೇ ಇಟ್ಟು ಉಳಿದದ್ದನ್ನು ಜೋಡಿಸಿಕೊಳ್ಳುತ್ತದೆ. ನಾವು ಬಾಯಲ್ಲಿ ‘ಕ್ ಇ ಕಿ’ ಎಂದು ಕಲಿತಂತೆಯೇ.

ಇನ್ನೊಂದು ಹೆಜ್ಜೆ. ‘ಸೂರ್ಯ’ ಬರೆಯುವಾಗ ಕೈ ಮೊದಲು ‘ಯ’ ಬರೆದು ಆಮೇಲೆ ಅರ್ಕಾವತ್ತು ಇಡುತ್ತದೆ. ಬಾಯಿ ಮಾತ್ರ ರಕಾರವನ್ನು ಮೊದಲು ಹೇಳುತ್ತದೆ. ಕಂಪ್ಯೂಟರ್ ಕೂಡಿಡುವುದು ಯಾರ ಕ್ರಮದಲ್ಲಿ? ಬಾಯಿಯ ಕ್ರಮದಲ್ಲಿ. ಕಣ್ಣಿಗೆ ಕಾಣುವ ಕ್ರಮ ಅಕ್ಷರರೂಪ ಬಿಡಿಸುವ ಫಾಂಟಿನ ಕೆಲಸ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ, ಅಂದರೆ ಇಂದು ‘ನುಡಿ’ಯಲ್ಲಿ ನಾವು ಕುಟ್ಟುವ ವಿನ್ಯಾಸ, ಕೈಗೆ ಸಲೀಸಾಗಿ ಒಗ್ಗುವುದರ ಹಿಂದೆಯೂ ಇದೇ ಸಂಗತಿ ಇದೆ: ಬರೆದಂತೆ ಅಲ್ಲ, ಉಲಿದಂತೆ ಒತ್ತುವುದು.

ಈಗ ಮಕ್ಕಳಿಗೆ ಕೆಲಸ ಕೊಡಬಹುದು: ವಿಕಟಕವಿಯನ್ನು ಪಾಸು ಮಾಡಿಸಿ. ಪದವನ್ನು ಎಡದಿಂದ ಓದುತ್ತ ಹೋಗು, ಸ್ವರಚಿಹ್ನೆಯೋ ಅನುಸ್ವಾರವೋ ವಿರಾಮವೋ ಸಿಕ್ಕರೆ ಹಿಂದಿನ ಅಕ್ಷರಕ್ಕೆ ಅಂಟಿಸು, ವಿರಾಮವಾದ ಮೇಲೆ ಬರುವ ವ್ಯಂಜನವನ್ನೂ ಅದಕ್ಕೇ ಸೇರಿಸು, ಹಾಗೆ ಕಟ್ಟಿದ ಅಕ್ಷರಗಳ ಸಾಲನ್ನು ತಿರುಗಿಸು. ಹದಿನೈದು ಇಪ್ಪತ್ತು ಸಾಲಿನ ಕೆಲಸ. ಆದರೆ ಅದನ್ನು ಬರೆಯಬೇಕಾದರೆ ‘ಅಕ್ಷರ’ ಎಂದರೆ ಏನು ಎಂಬುದನ್ನು ತೀರ್ಮಾನಿಸಬೇಕು. ಆ ಪ್ರಶ್ನೆಗೆ ಉತ್ತರ ಇರುವುದು ಕಂಪ್ಯೂಟರ್ ಲ್ಯಾಬಿನಲ್ಲಲ್ಲ, ಪಕ್ಕದ ಕೋಣೆಯ ಕನ್ನಡ ಮೇಡಂ ಹತ್ತಿರ. ವ್ಯಾಕರಣದ ಪಾಠವನ್ನು ಅಂಕಕ್ಕಾಗಿ ಓದಿದ್ದ ಹುಡುಗ ಮೊದಲ ಸಲ ಬೇಕಾಗಿ ಓದುತ್ತಾನೆ.

ಈಗ ಕೃತಕ ಬುದ್ಧಿಮತ್ತೆಯೇ ಪ್ರೋಗ್ರಾಂ ಬರೆದುಕೊಡುತ್ತದೆ, ಮಕ್ಕಳು ಯಾಕೆ ಕಲಿಯಬೇಕು ಎಂದು ಕೇಳುವವರಿದ್ದಾರೆ. ಎರಡು ಸಾಲಿನ ಆ ಪ್ರೋಗ್ರಾಮನ್ನು ಯಾರು ಬೇಕಾದರೂ ಬರೆದುಕೊಟ್ಟಾರು. ವಿಕಟಕವಿಯನ್ನು ಕೊಟ್ಟು ನೋಡಬೇಕು ಎಂದು ಹೊಳೆಯುವುದು, ‘ಅಲ್ಲ’ ಎಂದು ಬಂದಾಗ ಅದನ್ನು ನಂಬದಿರುವುದು, ಇವು ಕಲಿತವರಿಗೆ ಮಾತ್ರ ಬರುವಂಥವು.

ಕಸೂತಿ, ರಂಗೋಲಿ, ತೊಗಲುಗೊಂಬೆ

ಕಂಪ್ಯೂಟರಿನ ಜೊತೆಗೇ ಬಂದ ಇನ್ನೊಂದು ಐಚ್ಛಿಕ ಕುಟುಂಬ ಡಿಜಿಟಲ್ ಮಾಧ್ಯಮದ್ದು. ಸಿಬಿಎಸ್ಇಯ ಹಿರಿಯ ತರಗತಿಗಳ ಕೌಶಲ ವಿಷಯಗಳಲ್ಲಿ ಮಲ್ಟಿಮೀಡಿಯಾ, ವೆಬ್ ಅಪ್ಲಿಕೇಷನ್, ಸಮೂಹ ಮಾಧ್ಯಮ ಅಧ್ಯಯನ ಎಲ್ಲ ಇವೆ. ‘ಫೋಟೊಶಾಪ್ ಕಲಿಸೋದು ತಾನೆ’ ಎಂದು ಮೂಗು ಮುರಿಯುವವರಿಗೆ ಒಳಗಿನ ಗಣಿತ ಕಂಡಿರುವುದಿಲ್ಲ.

ಕಂಪ್ಯೂಟರಿನಲ್ಲಿ ಚಿತ್ರ ಇಡುವ ದಾರಿ ಎರಡು. ಒಂದು ಧಾರವಾಡ ಕಡೆಯ ಕಸೂತಿಯ ದಾರಿ. ಬಟ್ಟೆಯ ಎಳೆ ಎಣಿಸಿ ಹೊಲಿಗೆ ಹಾಕುತ್ತ ಹೋದರೆ ಗೋಪುರ, ರಥ, ನವಿಲು ಮೂಡುತ್ತವೆ. ಮೊದಲೇ ಗೆರೆ ಬಿಡಿಸಿಕೊಳ್ಳುವ ಕ್ರಮವಿಲ್ಲ, ಎಲ್ಲ ಎಣಿಕೆ. ಫೋಟೊ ಎಂದರೆ ಹೀಗೆ ಎಣಿಸಿಟ್ಟ ಚುಕ್ಕೆಗಳ ಬಟ್ಟೆ. ಒಂದೊಂದು ಚುಕ್ಕೆಯ ಕೆಂಪು, ಹಸಿರು, ನೀಲಿಗೆ 0ಯಿಂದ 255ರವರೆಗಿನ ಅಂಕಿ. ಹಿಗ್ಗಿಸಿದರೆ ಚುಕ್ಕೆ ದೊಡ್ಡದಾಗುತ್ತದೆಯೇ ಹೊರತು ಹೊಸ ವಿವರ ಬರುವುದಿಲ್ಲ. ಫ್ಲೆಕ್ಸಿನ ಮೇಲೆ ಊರ ಮುಖಂಡರ ಮುಖ ಚೌಕಚೌಕವಾಗಿ ಒಡೆದು ಕಾಣುವುದು ಇದರಿಂದ. ಎರಡನೆಯದು ರಂಗೋಲಿಯ ದಾರಿ. ಇಲ್ಲಿ ಕೂಡಿಡುವುದು ಚಿತ್ರವನ್ನಲ್ಲ, ಅದನ್ನು ಬಿಡಿಸುವ ನಿಯಮವನ್ನು: ಎಲ್ಲಿಂದ ಎಲ್ಲಿಗೆ ಗೆರೆ, ಎಷ್ಟು ಬಾಗು. ಅದೇ ನಿಯಮದಲ್ಲಿ ಹೊಸಿಲ ಮುಂದೆ ಪುಟ್ಟದಾಗಿಯೂ ಹಾಕಬಹುದು, ತೇರಿನ ಬೀದಿಯಗಲಕ್ಕೂ ಹಾಕಬಹುದು, ಗೆರೆ ಒಡೆಯುವುದಿಲ್ಲ. ಜಿಂಪ್ ಎಂಬ ತಂತ್ರಾಂಶ ಮೊದಲನೆಯದಕ್ಕೆ, ಇಂಕ್‌ಸ್ಕೇಪ್ ಎರಡನೆಯದಕ್ಕೆ. ಎರಡೂ ಉಚಿತ.

ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟು. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಇಟ್ಟರೂ ಹತ್ತು ಸೆಕೆಂಡಿನ ಅನಿಮೇಷನ್ನಿಗೆ 120 ಚಿತ್ರ ಬೇಕು. ಅಷ್ಟು ಯಾರು ಬರೆಯುತ್ತಾರೆ? ಕೈ, ಕಾಲು, ತಲೆಯನ್ನು ಬೇರೆ ಬೇರೆ ಮಾಡಿ ಕೀಲು ಹಾಕಿದರೆ ಒಂದೇ ಗೊಂಬೆ ಸಾಕು. ನಮ್ಮ ತೊಗಲುಗೊಂಬೆಯವರು ತಲೆಮಾರುಗಳಿಂದ ಪರದೆಯ ಹಿಂದೆ ಮಾಡುತ್ತ ಬಂದದ್ದು ಇದನ್ನೇ. ಇಂಥದ್ದನ್ನು ಕೈಯಾರೆ ಮಾಡಿದ ಮಗುವಿಗೆ ಇನ್ನೊಂದು ಲಾಭವೂ ಉಂಟು. ಒಂದು ಮುಖವನ್ನು ಇನ್ನೊಂದು ಮೈಗೆ ಅಂಟಿಸುವುದು ಎಷ್ಟು ಸುಲಭ ಎಂದು ಗೊತ್ತಾದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಅದು ಕಣ್ಣು ಮುಚ್ಚಿ ಮುಂದಕ್ಕೆ ತಳ್ಳುವುದಿಲ್ಲ.

ಗಡಿಯಾಚೆಯ ಕನ್ನಡ ಶಾಲೆಗಳು

ಇದೆಲ್ಲ ದೊಡ್ಡ ಊರಿನ ದುಬಾರಿ ಶಾಲೆಗಳ ಮಾತು ಅನ್ನುವವರು ಕಾಸರಗೋಡಿನ ಕಡೆ ನೋಡಬೇಕು. ಮಂಜೇಶ್ವರ, ಕಾಸರಗೋಡು ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅವು ಕೇರಳದ ಪಠ್ಯಕ್ರಮಕ್ಕೆ ಸೇರಿದವು. ಕೇರಳದ ಪ್ರೌಢಶಾಲೆಯಲ್ಲಿ ಐಸಿಟಿ ಐಚ್ಛಿಕವಲ್ಲ, ಎಲ್ಲರಿಗೂ ಕಡ್ಡಾಯ. ಹತ್ತನೇ ತರಗತಿಯ ಪರೀಕ್ಷೆಯಲ್ಲೂ ಅದಕ್ಕೆ ಅಂಕವಿದೆ, ಆ ಪರೀಕ್ಷೆ ಕಂಪ್ಯೂಟರಿನ ಮುಂದೆಯೇ ನಡೆಯುತ್ತದೆ. ಪಠ್ಯಪುಸ್ತಕ ಮಲಯಾಳ, ಇಂಗ್ಲಿಷಿನ ಜೊತೆ ತಮಿಳು, ಕನ್ನಡದಲ್ಲೂ ಬರುತ್ತದೆ.

2001-02ರಲ್ಲಿ ‘ಐಟಿ@ಸ್ಕೂಲ್’ ಎಂದು ಶುರುವಾಗಿ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾದ ಈ ಯೋಜನೆ ಎರಡು ಹಟ ಹಿಡಿಯಿತು. ಒಂದು, ಕಲಿಸುವವರು ಶಾಲೆಯ ಮೇಷ್ಟ್ರುಗಳೇ ಆಗಿರಬೇಕು. ಗಣಿತದವರೋ ಜೀವಶಾಸ್ತ್ರದವರೋ ತರಬೇತಿ ಪಡೆದು ಲ್ಯಾಬಿಗೆ ಬಂದರು, ಆದ್ದರಿಂದ ಯಾರದೋ ಗುತ್ತಿಗೆ ಮುಗಿಯಿತೆಂದು ಕೋಣೆಗೆ ಬೀಗ ಬೀಳಲಿಲ್ಲ. ಎರಡು, ಸ್ವತಂತ್ರ ತಂತ್ರಾಂಶವನ್ನೇ ಬಳಸಬೇಕು. ಹಣ ಉಳಿದದ್ದು ಒಂದು ಕಡೆ, ಶಾಲೆಯಲ್ಲಿ ಬಳಸಿದ್ದನ್ನು ಮಗು ಮನೆಗೂ ಒಯ್ಯಬಹುದು ಎಂಬುದು ದೊಡ್ಡ ಕಡೆ.

ಇಷ್ಟು ಎಲ್ಲರಿಗೂ. ಇದರ ಮೇಲೆ ಆಸಕ್ತರಿಗೆಂದೇ 2018ರಲ್ಲಿ ‘ಲಿಟಲ್ ಕೈಟ್ಸ್’ ಎಂಬ ಮಕ್ಕಳ ಕೂಟ ಶುರುವಾಯಿತು. ಅಭಿರುಚಿ ಪರೀಕ್ಷೆ ಬರೆದು ಸೇರಬೇಕು. ಅನಿಮೇಷನ್, ಸ್ಕ್ರ್ಯಾಚ್ ಪ್ರೋಗ್ರಾಮಿಂಗ್, ಮೊಬೈಲ್ ಆ್ಯಪ್, ಎಲೆಕ್ಟ್ರಾನಿಕ್ಸ್, ಭಾಷಾ ಕಂಪ್ಯೂಟಿಂಗ್ ಕಲಿಯುತ್ತಾರೆ. ಶಾಲೆಯದೇ ಡಿಜಿಟಲ್ ಪತ್ರಿಕೆ ತರುತ್ತಾರೆ, ಲ್ಯಾಬಿನ ಸಣ್ಣಪುಟ್ಟ ರಿಪೇರಿಯೂ ಅವರದೇ. ಬುನಾದಿ ಎಲ್ಲರ ಪಾಲಿಗೂ ಇದ್ದರೆ ಆಯ್ಕೆಗೆ ಅರ್ಥ ಬರುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ರುಚಿಯೇ ಗೊತ್ತಿಲ್ಲದ ತಿಂಡಿಯನ್ನು ಬೇಕೋ ಬೇಡವೋ ಎಂದು ಕೌಂಟರಿನ ಮುಂದೆ ಕೇಳಿದರೆ ಮಗು ಏನು ಹೇಳೀತು?

ಲೆಕ್ಕಕ್ಕೆ ಸೇರಿಸಬೇಕೆ?

ಹಾಗಾದರೆ ಕಂಪ್ಯೂಟರ್ ಸೈನ್ಸನ್ನೂ ಸಿಇಟಿ ರ‍್ಯಾಂಕಿಗೆ ಸೇರಿಸಿಬಿಟ್ಟರೆ ಎಲ್ಲ ಸರಿಯಾಗುತ್ತದೆಯೆ? ನನಗೆ ಹಾಗನ್ನಿಸುವುದಿಲ್ಲ. ಸೇರಿಸಿದ ಮರುದಿನವೇ ಅದಕ್ಕೂ ಕೋಚಿಂಗ್ ಬರುತ್ತದೆ, ನಾಲ್ಕು ಆಯ್ಕೆಯ ಪ್ರಶ್ನೆಗಳ ಗುಡ್ಡೆ ಬರುತ್ತದೆ, ವಿಕಟಕವಿಗೆ ಬಿಡುವಿರುವುದಿಲ್ಲ. ಭೌತಶಾಸ್ತ್ರದ ಲ್ಯಾಬಿನಲ್ಲಿ ಲೋಲಕಕ್ಕೆ ಏನಾಯಿತೆಂದು ಈಗಾಗಲೇ ನೋಡಿದ್ದೇವೆ. ಉತ್ತರ ಮೊದಲು, ತೂಗಾಟ ಆಮೇಲೆ.

ಕೈಹಾಕಬೇಕಾದ್ದು ಆ 30 ಅಂಕಕ್ಕೆ. ಅಮೆರಿಕದ ಹೈಸ್ಕೂಲುಗಳಲ್ಲಿ 2016-17ರಿಂದ ‘ಕಂಪ್ಯೂಟರ್ ಸೈನ್ಸ್ ಪ್ರಿನ್ಸಿಪಲ್ಸ್’ ಎಂಬ ಐಚ್ಛಿಕ ವಿಷಯವಿದೆ. ಎಂಜಿನಿಯರ್ ಆಗುವವರಿಗಷ್ಟೇ ಅಲ್ಲ, ಸಂಗೀತಕ್ಕೋ ಇತಿಹಾಸಕ್ಕೋ ಹೋಗುವ ಮಕ್ಕಳಿಗೂ ಎಂದೇ ರೂಪಿಸಿದ್ದು. ಯಾವ ಪ್ರೋಗ್ರಾಮಿಂಗ್ ಭಾಷೆ ಎಂಬುದನ್ನು ಶಾಲೆಯೇ ಆರಿಸಿಕೊಳ್ಳುತ್ತದೆ. ಅಲ್ಲಿಯೂ 70, 30ರ ಪಾಲೇ. ಆದರೆ ಆ 30 ಸಿಗುವುದು ವಿದ್ಯಾರ್ಥಿ ತನಗೆ ತೋಚಿದ ಪ್ರೋಗ್ರಾಂ ತಾನೇ ಮಾಡಿ, ಅದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿದ್ದಕ್ಕೆ. ಪಟ್ಟಿ ಇಲ್ಲ. ನಮ್ಮ 30 ಅಂಕದಲ್ಲಿ ಹತ್ತನ್ನಾದರೂ ಹಾಗೆ ಬಿಟ್ಟುಕೊಟ್ಟರೆ ಹಿಂದಿನ ವರ್ಷದ ರೆಕಾರ್ಡ್ ಪುಸ್ತಕ ಅಷ್ಟರಮಟ್ಟಿಗೆ ನಿರುಪಯುಕ್ತವಾಗುತ್ತದೆ. ಒಬ್ಬಳು ಅಪ್ಪನ ಹಾಲಿನ ಡೇರಿ ಲೆಕ್ಕ ಮಾಡಿ ತರುತ್ತಾಳೆ, ಇನ್ನೊಬ್ಬ ಅಜ್ಜಿಯ ಒಗಟುಗಳನ್ನು ಆಟ ಮಾಡಿ ತರುತ್ತಾನೆ.

ನಿಯಮ ಬದಲಾಗುವವರೆಗೆ ಕಾಯಬೇಕೆಂದೂ ಇಲ್ಲ. ಪ್ರವೇಶದ ಕೌಂಟರಿನ ಮುಂದೆ ನಿಂತ ಅಪ್ಪ ಅಮ್ಮ ‘ಯಾವುದು ತಗೊಂಡ್ರೆ ಒಳ್ಳೇದು’ ಎಂಬ ಪ್ರಶ್ನೆಯ ಜೊತೆ ಇನ್ನೆರಡು ಪ್ರಶ್ನೆ ಕೇಳಬಹುದು. ಕ್ಲಾಸು ಮುಗಿದ ಮೇಲೂ ಲ್ಯಾಬ್ ತೆರೆದಿರುತ್ತದೆಯೆ? ಪಟ್ಟಿಯಲ್ಲಿಲ್ಲದ ಪ್ರೋಗ್ರಾಂ ಬರೆದು ತಂದರೆ ಮೇಷ್ಟ್ರು ನೋಡುತ್ತಾರೆಯೆ? ಎರಡಕ್ಕೂ ಹೌದೆಂದರೆ ನಾಲ್ಕನೆಯ ಅಕ್ಷರ ‘ಸಿ’ ಆಗಿದ್ದರೂ ನಷ್ಟವಿಲ್ಲ. ಇಲ್ಲವೆಂದರೆ ಹೆಸರು ಏನೇ ಇರಲಿ, ಅದು ಇನ್ನೊಂದು ರೆಕಾರ್ಡ್ ಪುಸ್ತಕ.

ಪುಟ್ಟ ತಮ್ಮನ ಸ್ಥಾನಕ್ಕೆ ಒಂದು ಸುಖವಿದೆ, ದೊಡ್ಡ ಮಕ್ಕಳು ಅದನ್ನು ಗಮನಿಸಿರುವುದಿಲ್ಲ. ಅವನು ಗೆರೆ ತುಳಿಯುತ್ತಾನೆ, ಬಿಲ್ಲೆ ಮನೆ ತಪ್ಪಿ ಬೀಳುತ್ತದೆ, ಎರಡೂ ಕಾಲು ನೆಲಕ್ಕಿಡುತ್ತಾನೆ. ಔಟು ಅನ್ನುವವರಿಲ್ಲ. ಮತ್ತೆ ಕುಂಟುತ್ತಾನೆ. ಸಾಯಂಕಾಲದೊಳಗೆ ಅವನಷ್ಟು ಸಲ ಕುಂಟಿದವರು ಆ ಅಂಗಳದಲ್ಲಿ ಇನ್ನೊಬ್ಬರಿರುವುದಿಲ್ಲ. ಪ್ರೋಗ್ರಾಂ ಬರೆಯುವವರ ದಿನವೂ ಹೆಚ್ಚುಕಮ್ಮಿ ಹೀಗೇ ಕಳೆಯುತ್ತದೆ: ಒತ್ತು, ತಪ್ಪು ತೋರಿಸಿತು, ತಿದ್ದು, ಮತ್ತೆ ಒತ್ತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಒಂದೊಂದು ತಪ್ಪಿಗೂ ರ‍್ಯಾಂಕು ಕೆಳಗಿಳಿಯುವ ಮಗುವಿಗೆ, ದಿನಕ್ಕೊಂದು ಗಂಟೆ, ವಿಕಟಕವಿ ಇಪ್ಪತ್ತು ಸಲ ಫೇಲಾದರೂ ಯಾರೂ ಔಟು ಅನ್ನದ ಒಂದು ಕೋಣೆ ಸಿಗಲಿ. ಇಪ್ಪತ್ತೊಂದನೆಯ ಸಲ ಪರದೆಯ ಮೇಲೆ ‘ಹೌದು’ ಎಂದು ಬಂದಾಗ ಅದು ಯಾವ ಪಟ್ಟಿಗೂ ಸೇರುವುದಿಲ್ಲ. ಅವಳು ಪಕ್ಕದವಳನ್ನು ತಿವಿದು ತೋರಿಸುತ್ತಾಳೆ, ಅಷ್ಟೆ.